ಬೀಗರ ರುಮಾಲು ಮತ್ತು ನನ್ನ ಬಲಭುಜ

ಭುಜದ ನೋವಿನ ಬಗ್ಗೆ ಜಗತ್ತಿನಲ್ಲಿ ಇದುವರೆಗೆ ನಡೆದ ಸಂಶೋಧನೆಯೆಲ್ಲ ಅರೆಬರೆ, ಅದನ್ನು ಪೂರ್ತಿಗೊಳಿಸಲು ಇಳಕಲ್ಲಿನ ಹೈಸ್ಕೂಲಿನ ವಿಜ್ಞಾನ ಮಾಸ್ತರನಾದ ನಾನೇ ಬರಬೇಕಾಯಿತು ಎಂದು 1979ರ ಶ್ರಾವಣದ ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಘೋಷಿಸಿದೆ! ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಸಿದ್ದಲಿಂಗವ್ವ, ಇನ್ನೊಂದು ಒಲೆಯ ಪಕ್ಕದಲ್ಲಿ ಮಲಗಿದ್ದ ಬೆಕ್ಕು. ಬೆಕ್ಕು ಎದ್ದು ಹೋಯಿತು.

"ಮೊದಲ ಅಂಗಿ ಪೂರಾ ಹಾಕ್ಕೋರಿ. ಆಗಿನಿಂದ ಒಂದ ತೋಳಿನ್ಯಾಗ ನಿಂತೀರಿ," ಎಂದಳು ಸಿದ್ದಲಿಂಗವ್ವ.

ಮಾತು ನಿಜ. ಎಡಗೈ ತೋಳಿನೊಳಗೆ ಹೋಗಿತ್ತು. ಬಲಗೈ ಎದೆಯ ಮಟ್ಟಕ್ಕೆ ಬಂದು "ಇನ್ನು ಮೇಲೆ ನಾನು ಬರುವುದಿಲ್ಲ" ಎಂದು ಹಟ ಹಿಡಿದಿತ್ತು. ಎರಡು ತಿಂಗಳಿಂದ ಅದರದು ಇದೇ ಪಾಡು. ಶಾಲೆಯಲ್ಲಿ ಕರಿಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಿದ್ದೆ. ಹಿಂದಿನ ಬೆಂಚಿನವರು ನಿಂತುಕೊಂಡು ಪಾಠ ಓದುತ್ತಿದ್ದರು. ನೋಡಿದ ಹೆಡ್ ಮಾಸ್ತರರು ಮಕ್ಕಳಿಗೆ ನನ್ನ ಮೇಲೆ ಎಷ್ಟು ಗೌರವ ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ಕಾಲ ತಳ್ಳುತ್ತಿದ್ದೆ. ಆದರೆ ದೀಪಾವಳಿ ಕಳೆದ ಮೇಲೆ ಹಿರಿಮಗಳ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಒಂದು ರೂಢಿ. ಹೆಣ್ಣಿನ ತಂದೆ ಗಂಡಿನ ತಂದೆಯ ತಲೆಗೆ ಹೊಸ ರುಮಾಲನ್ನು ಎಲ್ಲರೆದುರು ತನ್ನ ಕೈಯಾರೆ ಸುತ್ತಬೇಕು. ಬೇರೆಯವರ ಕೈಯಿಂದ ಸುತ್ತಿಸಿದರೆ ಮರ್ಯಾದೆ ಮಾಡಿದ ಲೆಕ್ಕಕ್ಕೇ ಬರುವುದಿಲ್ಲ. ನಾನು ಈ ಕೆಲಸ ಮಾಡಿದವನೂ ಅಲ್ಲ, ಕಣ್ಣಾರೆ ನೋಡಿದವನೂ ಅಲ್ಲ. ನನ್ನ ಮದುವೆಯಲ್ಲಿ ಆ ಹೊತ್ತಿಗೆ ಒಳಗೆ ನನಗೆ ಬಾಸಿಂಗ ಕಟ್ಟುತ್ತಿದ್ದರು. ಅಕ್ಕನ ಮದುವೆಯಲ್ಲಿ ಅಪ್ಪ ಸುತ್ತುವ ಹೊತ್ತಿಗೆ ನನ್ನನ್ನು ಹಿತ್ತಲಲ್ಲಿ ಬುಂದಿ ಕಾಯಲು ಕೂರಿಸಿದ್ದರು. ಬುಂದಿಯನ್ನು ನಾನು ಹೇಗೆ ಕಾಯ್ದೆ ಎನ್ನುವುದು ಇಲ್ಲಿ ಅಪ್ರಸ್ತುತ.

ಇನ್ನು ಬೀಗರು. ಹುನಗುಂದದ ಹೊಳಬಸಪ್ಪನವರು ಆರಡಿ ಒಂದು ಅಂಗುಲ! ನಾನು ಐದಡಿ ಎರಡು. ಮನುಷ್ಯ ಒಳ್ಳೆಯವರು, ಆದರೆ ಮರ್ಯಾದೆಯ ವಿಷಯದಲ್ಲಿ ಬಲು ಸೂಕ್ಷ್ಮ. ಅವರ ಹಿರಿಮಗನ ಮದುವೆಯಲ್ಲಿ ಆ ಬೀಗರು ರುಮಾಲನ್ನು ಸೊಟ್ಟಗೆ ಸುತ್ತಿದರೆಂದು ಎರಡು ವರ್ಷ ಅವರ ಹೊಸ್ತಿಲು ತುಳಿದಿರಲಿಲ್ಲವಂತೆ. ನನ್ನ ಮಗಳು ಬಾಳಬೇಕಾದ ಮನೆ ಅದು. ಮೊದಲ ದಿನವೇ ಅಪ್ಪನ ಕೈ ಅರ್ಧದಲ್ಲಿ ನಿಂತುಬಿಟ್ಟರೆ ಆ ಹುಡುಗಿ ತಲೆ ಎತ್ತಿ ಹೇಗೆ ತಿರುಗಾಡಬೇಕು? ಅದನ್ನು ನೆನೆಸಿಕೊಂಡರೆ ಭುಜಕ್ಕಿಂತ ಎದೆ ಹೆಚ್ಚು ನೋಯುತ್ತಿತ್ತು.

ಸಿದ್ದಲಿಂಗವ್ವ ನನ್ನನ್ನು ಬಸ್ಸು ಹತ್ತಿಸಿ ಬಾಗಲಕೋಟೆಯ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ನನ್ನ ಕೈಯನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ನನ್ನಿಂದ ನಾಲ್ಕೈದು ಬಗೆಯ ಶಬ್ದ ಹೊರಡಿಸಿದರು.

"ಮಾಸ್ತರ, ಎಲವು ಗಟ್ಟಿ ಐತಿ. ಕೀಲಿನ ಸುತ್ತ ಒಂದು ಚೀಲ ಇರತೈತಿ, ಅದು ನೀರಾಗ ಹಾಕಿದ ಹೊಸ ಅಂಗಿ ಹಂಗ ಕುಗ್ಗೇತಿ. ದಿನಾ ಸ್ವಲ್ಪ ಸ್ವಲ್ಪ ಎಳಕೋಂತ ಹೋದ್ರ ಸಡಲ ಆಗತೈತಿ."

"ಗುಳಿಗಿ?"

"ನೋವಿಗೆ ಗುಳಿಗಿ ಕೊಡತೇನಿ. ಕೈ ಮಾತ್ರ ನೀವ ಎತ್ತಬೇಕು. ಜ್ವಾಕಿ ಮಾಡಿ ಇಟಗೊಂಡ್ರ ಇದ್ದಲ್ಲೇ ನಿಂತುಬಿಡತೈತಿ."

ಗೋಡೆಗೆ ಎದುರು ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸುವುದು, ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದಂತೆ ತೂಗುವುದು, ಗಾಲಿಗೆ ಹಗ್ಗ ಹಾಕಿ ಒಳ್ಳೆಯ ಕೈಯಿಂದ ನೋವಿನ ಕೈಯನ್ನು ಮೇಲೆಳೆಯುವುದು. ಡಾಕ್ಟರು ಹೇಳಿದ್ದು ಈ ಮೂರೇ ವ್ಯಾಯಾಮ. ಇದನ್ನು ಸಂಶೋಧನೆಯ ಮಟ್ಟಕ್ಕೆ ಏರಿಸಿದ ಕೀರ್ತಿ ನನ್ನದು! ಎರಡು ನೂರು ಪುಟದ ವಹಿ ತಂದೆ. ಬೀಗರ ನೆತ್ತಿ, ನನ್ನ ಭುಜ, ನಡುವಿನ ಅಂತರ ಎಲ್ಲವನ್ನೂ ಚಿತ್ರ ಬರೆದು ಲೆಕ್ಕ ಹಾಕಿದೆ. ರುಮಾಲು ಸುತ್ತಲು ತೋಳು ನೂರಾ ನಲವತ್ತು ಡಿಗ್ರಿ ಏಳಬೇಕು. ಈಗ ಏಳುತ್ತಿರುವುದು ಎಪ್ಪತ್ತು. ದಿನಕ್ಕೆ ಒಂದು ಡಿಗ್ರಿಯಂತೆ ಎಪ್ಪತ್ತು ದಿನ, ಮದುವೆಗೆ ಇನ್ನೂ ಹದಿನೈದು ದಿನ ಕೈಯಲ್ಲಿ!

ಮೊದಲ ದಿನ ಮಾಡಿದೆ. ಎರಡನೆಯ ದಿನವೂ ಮಾಡಿದೆ. ಮೂರನೆಯ ದಿನ ನೋವು. ನಾಲ್ಕನೆಯ ದಿನ ಅಮಾವಾಸ್ಯೆ, ಹೊಸ ಕೆಲಸ ಬೇಡ. ಇದು ಹಳೆಯ ಕೆಲಸವಲ್ಲವೇ ಎಂದು ಯಾರಾದರೂ ಕೇಳುವ ಮೊದಲೇ ಐದನೆಯ ದಿನ ಬಂದಿತ್ತು. ಅಂದು ಮಂಚದ ಮೇಲೆ ಮಲಗಿ, ಸ್ನಾಯುಗಳಿಗೆ ವಿಶ್ರಾಂತಿಯ ಅಗತ್ಯ ಎಂದು ವಹಿಯಲ್ಲಿ ಬರೆಯುತ್ತಿದ್ದೆ.

ಸಿದ್ದಲಿಂಗವ್ವ ಕಸಬರಿಗೆ ಹಿಡಿದು ಬಂದಳು. "ಏನ್ರಿ, ಹುನಗುಂದದ ಬೀಗರು ಎಷ್ಟು ಎತ್ತರ ಅದಾರ?"

"ಆರಡಿ ಒಂದು ಅಂಗುಲ."

"ಅದರ ಮ್ಯಾಲ ರುಮಾಲ ಬ್ಯಾರೆ," ಎಂದು ಉಸಿರು ಬಿಟ್ಟು ಕಸ ಗುಡಿಸತೊಡಗಿದಳು.

ನಾನು ದಡಬಡಿಸಿ ಎದ್ದು ಗೋಡೆಗೆ ಹೋಗಿ ನಿಂತೆ!

ಮರುವಾರ ಗಾಲಿಯ ಪ್ರಯೋಗ. ಹೊಸ ಗಾಲಿ ಯಾಕೆ, ಹಿತ್ತಲ ಬಾವಿಯ ಗಾಲಿಯನ್ನೇ ಬಿಚ್ಚಿ ತಂದು ಪಡಸಾಲೆಯ ತೊಲೆಗೆ ಕಟ್ಟಿದೆ. ಹಗ್ಗದ ಒಂದು ತುದಿಯನ್ನು ಬಲ ಮಣಿಕಟ್ಟಿಗೆ ಬಿಗಿದು, ಎಡಗೈಯಿಂದ ಜಗ್ಗಿದೆ. ಆಹಾ! ಬಲಗೈ ಕಿವಿಯವರೆಗೆ ಏರಿತು. ಆಮೇಲೆ ಹೊಳೆಯಿತು. ಎಡಗೈ ಬಿಟ್ಟರೆ ಬಲಗೈ ಧೊಪ್ಪನೆ ಬೀಳುತ್ತದೆ, ಜೀವ ಹೋಗುತ್ತದೆ. ಎಡಗೈ ಬಿಡದೆ ಗಂಟು ಬಿಚ್ಚುವುದಕ್ಕೆ ನನಗೆ ಮೂರನೆಯ ಕೈ ಇಲ್ಲ!

ಅಷ್ಟರಲ್ಲಿ ಹಿತ್ತಲಿಂದ ಕೂಗು. ಓಣಿಯ ನಾಲ್ಕು ಮನೆಯವರು ನಮ್ಮ ಬಾವಿಯ ನೀರನ್ನೇ ಒಯ್ಯುತ್ತಿದ್ದರು.

"ಬಾವಿ ಗಾಲಿ ಎಲ್ಲೈತಿ?" ಸಿದ್ದಲಿಂಗವ್ವನ ದನಿ.

"ವಿಜ್ಞಾನಕ್ಕ ಬಂದೈತಿ!"

"ವಿಜ್ಞಾನಕ್ಕ ನೀರಡಿಕಿ ಆದ್ರ ಏನ್ ಕುಡಸ್ತೀರಿ?" ಎನ್ನುತ್ತ ಅವಳು ಒಳಗೆ ಬಂದಳು. ಅವಳ ಹಿಂದೆ ಖಾಲಿ ಕೊಡ ಹಿಡಿದ ಮಾಸುಮಬಿ, ಅವಳ ಹಿಂದೆ ಅವಳ ಗಂಡ, ಪಕ್ಕದ ಮನೆಯ ನೇಕಾರ ಗೌಸಸಾಬ. ಉತ್ತರ ಗೊತ್ತಿರುವ ಹುಡುಗನಂತೆ ಕೈ ಎತ್ತಿಕೊಂಡು ನಿಂತಿದ್ದೆ.

ಗೌಸಸಾಬ ನನ್ನ ಗಂಟು ಬಿಚ್ಚಿ, ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. "ಮಾಸ್ತರ, ಮಗ್ಗದಾಗ ಕುಂತು ನಾ ದಿನಕ್ಕ ಸಾವಿರ ಸಲ ಹಗ್ಗ ಜಗ್ಗತೇನಿ. ನಿಮಗ ಜಗ್ಗೂದ ಬೇಕಾಗಿದ್ರ ನಮ್ಮ ಮನಿಗೆ ಬರ್ರಿ. ಗಾಲಿ ಮಾತ್ರ ಬಾವಿಗೆ ಕೊಡ್ರಿ."

"ಅವರ ಮನಿಗೆ ಯಾಕ?" ಎಂದಳು ಸಿದ್ದಲಿಂಗವ್ವ. "ಬಾವಿ ಮ್ಯಾಲ ಗಾಲಿ ಇರತೈತಿ, ಹಗ್ಗ ಇರತೈತಿ. ಸಣ್ಣ ಬಕೀಟು ಕೊಡತೇನಿ. ನಾಳಿಯಿಂದ ನೀರು ನೀವ ಸೇದ್ರಿ."

ಹೀಗೆ ನನ್ನ ಸಂಶೋಧನೆ ಹಿತ್ತಲಿಗೆ ವರ್ಗವಾಯಿತು. ಮೊದಲು ಅರ್ಧ ಬಕೆಟ್ಟು, ಆಮೇಲೆ ಮುಕ್ಕಾಲು. ನಾನು ಸುಸ್ತಾಗಿ ಕಟ್ಟೆಯ ಮೇಲೆ ಕುಳಿತಾಗಲೆಲ್ಲ ಒಳಗಿಂದ, "ಏನ್ರಿ, ಬೀಗರು ಎಷ್ಟು ಎತ್ತರ?" ಎಂಬ ಪ್ರಶ್ನೆ ಬರುತ್ತಿತ್ತು. ನಾನು ಏಳುತ್ತಿದ್ದೆ. ಮಹಾನವಮಿಯ ಹೊತ್ತಿಗೆ ಅಂಗಿ ನಾನೇ ಹಾಕಿಕೊಂಡೆ, ತಲೆಯನ್ನೂ ಬಾಚಿಕೊಂಡೆ.

ಇನ್ನು ಉಳಿದದ್ದು ಸುತ್ತುವ ತಾಲೀಮು. ಗುಲಾಬಿ ಬಣ್ಣದ ರುಮಾಲು ತಂದಾಗಿತ್ತು. ಅದಕ್ಕೊಂದು ತಲೆ ಬೇಕು, ಅದೂ ಆರಡಿ ಎತ್ತರದಲ್ಲಿ. ಪಡಸಾಲೆಯ ಕಂಬಕ್ಕೆ ಒನಕೆ ಬಿಗಿದು, ಅದರ ಮೇಲೆ ತಾಮ್ರದ ಕೊಡ ಬೋರಲು ಹಾಕಿದೆ. ಹಣೆ ಯಾವ ಕಡೆ ಎಂದು ತಿಳಿಯಬೇಕಲ್ಲ? ಇದ್ದಿಲಿನಿಂದ ಕಣ್ಣು ಬರೆದೆ, ಮೂಗು ಬರೆದೆ. ಕೈ ತಡೆಯದೆ ಬೀಗರ ಪೊದೆಮೀಸೆಯನ್ನೂ ಬರೆದೆ!

ತುದಿಗಾಲಿನಲ್ಲಿ ನಿಂತು, ಹಲ್ಲು ಕಚ್ಚಿ, ನಾಲ್ಕನೆಯ ಸುತ್ತು ಸುತ್ತುತ್ತಿದ್ದಾಗ ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು. ಮದುವೆಯ ಜವಳಿಗೆಂದು ಇಳಕಲ್ಲಿಗೆ ಬಂದಿದ್ದ ಹೊಳಬಸಪ್ಪನವರು ಬಾಗಿಲಲ್ಲಿ ನಿಂತಿದ್ದರು! ಅವರು ಕೊಡವನ್ನು ನೋಡಿದರು. ಕೊಡ ಅವರನ್ನು ನೋಡಿತು. ಎರಡೂ ಮೀಸೆ ಒಂದೇ ಅಳತೆ.

"ಇದ್ಯಾರ್ರಿ ಮಾಸ್ತರ?"

ಮದುವೆ ಇಲ್ಲಿಗೇ ಮುರಿಯಿತು, ಮಗಳ ಬಾಳನ್ನು ಒಂದು ಇದ್ದಿಲಿನ ತುಂಡಿನಿಂದ ಹಾಳು ಮಾಡಿದೆ ಎಂದುಕೊಂಡೆ. ಆಗ ಸಿದ್ದಲಿಂಗವ್ವ ಸೆರಗು ಸರಿಪಡಿಸಿಕೊಳ್ಳುತ್ತ ಹೊರಗೆ ಬಂದಳು.

"ನೀವ ರಿ, ಅಣ್ಣಾರ! ಮದಿವ್ಯಾಗ ನಿಮ್ಮ ರುಮಾಲು ಒಂದು ಎಳಿ ಸುದ್ದಾ ಸೊಟ್ಟ ಆಗಬಾರದು ಅಂತ ಎರಡು ತಿಂಗಳಾತು, ಊಟಾ ನಿದ್ದಿ ಬಿಟ್ಟು ತಾಲೀಮು ನಡಸ್ಯಾರ."

ಹೊಳಬಸಪ್ಪನವರು ಕೊಡದ ಸುತ್ತ ಒಂದು ಸುತ್ತು ಬಂದರು. ಅವರ ಕಣ್ಣು ಒದ್ದೆಯಾದಂತೆ ಕಂಡಿತು. "ನಲವತ್ತು ಮದಿವಿ ನೋಡೇನಿ. ನನ್ನ ಸಲುವಾಗಿ ಯಾರೂ ಹಿಂಗ ಮಾಡಿದ್ದಿಲ್ಲ ತಂಗಿ," ಎಂದರು. ಆಮೇಲೆ ಒನಕೆಯನ್ನು ಬುಡದಿಂದ ತುದಿಯವರೆಗೆ ನೋಡಿ, "ಆದ್ರ ಮಾಸ್ತರ, ಇದನ್ನ ಇಷ್ಟು ಮ್ಯಾಲ ಯಾಕ..." ಎಂದು ಶುರುಮಾಡಿದರು.

"ಚಹಾ ಆರತೈತಿ, ಒಳಗ ಬರ್ರಿ!" ಎಂದು ಸಿದ್ದಲಿಂಗವ್ವ ಅವರನ್ನು ಕರೆದುಕೊಂಡು ಹೋಗಿಯೇಬಿಟ್ಟಳು.

ಮದುವೆಯ ದಿನ ಬಂತು. ಹಂದರದ ತುಂಬ ಜನ. ಗುಲಾಬಿ ರುಮಾಲು ಹಿಡಿದು, ಮೈಯೆಲ್ಲ ಬೆವೆತು, ನೂರಾ ನಲವತ್ತು ಡಿಗ್ರಿಗೆ ಸಿದ್ಧನಾಗಿ ನಿಂತೆ. ಹೊಳಬಸಪ್ಪನವರು ಗಂಭೀರವಾಗಿ ನಡೆದು ಬಂದರು. ಬಂದವರೇ ಚಪ್ಪಲಿ ಬಿಟ್ಟು, ಕಂಬಳಿ ಹಾಸಿದ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು! ಆ ಮಹಾ ನೆತ್ತಿ ನನ್ನ ಹೊಟ್ಟೆಯ ಮುಂದೆ ಬಂದು ನಿಂತಿತು. ಕೈ ಎತ್ತುವುದು ಹಾಗಿರಲಿ, ನಾನೇ ಸ್ವಲ್ಪ ಬಗ್ಗಬೇಕಾಯಿತು. ರುಮಾಲು ಒಂದು ಎಳೆಯೂ ಸೊಟ್ಟಗಾಗಲಿಲ್ಲ. ಬೀಗರು ಎಲ್ಲರೆದುರು ನನ್ನನ್ನು ಅಪ್ಪಿಕೊಂಡರು. ಮಗಳು ನಕ್ಕಳು.

ಸಂಜೆ ಸಿದ್ದಲಿಂಗವ್ವನನ್ನು ಹಿಡಿದು ನಿಲ್ಲಿಸಿದೆ. "ಬೀಗರು ಕುಂತ ಸುತ್ತಿಸಿಕೊಳ್ತಾರ ಅಂತ ನಿನಗ ಗೊತ್ತಿತ್ತೇನು?"

"ನಿಂತು ಯಾರು ಸುತ್ತಿಸಿಕೊಳ್ತಾರ್ರಿ? ಊರಿಗೆಲ್ಲ ಗೊತ್ತೈತಿ."

"ಮತ್ತ ನನಗ್ಯಾಕ ಹೇಳಲಿಲ್ಲ? ಎರಡೂವರೆ ತಿಂಗಳು ನೀರು ಸೇದಿಸಿದಿ!"

ಅವಳು ನನ್ನ ಬಲಗೈ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದಳು. ಅದು ಹಂದರದ ತೋರಣದವರೆಗೆ ನೋವಿಲ್ಲದೆ ಹೋಯಿತು.

"ಕೈ ಎದಿ ಮಟ್ಟಕ್ಕ ಮೊದಲ ಬರತಿತ್ತಲ್ರಿ, ಹೇಳಿದ್ರ ಅವತ್ತ ನಿಮ್ಮ ಸಂಶೋಧನೆ ಮುಗೀತಿತ್ತು," ಎಂದಳು.