ತಟ್ಟೆಗಳು ಖಾಲಿಯಾದ ಸಂಜೆ

ಅಡುಗೆಮನೆಯ ಮೇಜಿನ ಮೇಲೆ ಇಳಿಬಿಸಿಲು ಒಂದು ಹಳದಿ ಬಟ್ಟೆಯಂತೆ ಹಾಸಿಕೊಂಡಿತ್ತು. ಅದರ ನಡುವೆ ಗಾಜಿನ ಅಗಲ ಪಾತ್ರೆ. ಖಾಲಿ ಇದ್ದುದರಿಂದ ಅದರೊಳಗೆ ಕಿಟಕಿಯೂ, ಕಿಟಕಿಯಾಚೆ ತಂತಿಯ ಮೇಲೆ ಒಣಗುತ್ತಿದ್ದ ಒಂಟಿ ಕಾಲುಚೀಲವೂ ಮಂಕಾಗಿ ಮೂಡಿದ್ದವು. ಪಕ್ಕದಲ್ಲಿ ಟೊಮೆಟೊಗಳು, ಯಾರದೋ ಮಾತಿಗೆ ಒಟ್ಟಿಗೇ ನಾಚಿಕೊಂಡವರ ಹಾಗೆ. ಕಾಗದ ಬಿಚ್ಚದ ಚೀಸಿನ ಗಟ್ಟಿ, ಹಾಲಿನ ಪಾತ್ರೆ, ಉಪ್ಪಿನ ಡಬ್ಬಿ. ಎಲ್ಲಕ್ಕಿಂತ ಎತ್ತರವಾಗಿ ಪಾಸ್ತಾದ ಪೊಟ್ಟಣ. ಅದರ ಮೇಲೆ ಕೆಂಪಕ್ಷರದ ಒಂದೇ ಮಾತು: ‘ಸುಲಭ’. ಯಾವುದೂ ಅಲುಗಾಡುತ್ತಿರಲಿಲ್ಲ. ಕುರ್ಚಿಯ ಬೆನ್ನಿಗೆ ನೇತುಬಿದ್ದ ಏಪ್ರನ್ ಕೂಡ ತನ್ನೊಳಗೆ ಬರಬೇಕಾದ ಮನುಷ್ಯನಿಗಾಗಿ ತಾಳ್ಮೆಯಿಂದ ಕಾಯುತ್ತಿತ್ತು.

ಆ ಮನುಷ್ಯ ಬಾಗಿಲಲ್ಲಿ ನಿಂತು, ಕಳ್ಳತೂಕದ ಅಂಗಡಿಯವನನ್ನು ನೋಡುವ ಹಾಗೆ ಪೊಟ್ಟಣವನ್ನು ನೋಡುತ್ತಿದ್ದರು. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ವಠಾರದವರ ಬಾಯಲ್ಲಿ ತಕ್ಕಡಿ ಸಾಹೇಬರು.

ತೊಂದರೆ ಹುಟ್ಟಿದ್ದು ಹಿಂದಿನ ರಾತ್ರಿ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಡತಿ ಮುಖವೆಲ್ಲ ಬೆಳಕಾಗಿ ಬಂದು, ಬಡಾವಣೆಯ ನಾಟಕದ ತಂಡದಲ್ಲಿ ತನಗೆ ಪಾತ್ರ ಸಿಕ್ಕಿದೆಯೆಂದೂ, ನಾಟಕ ಆಗುವವರೆಗೆ ದಿನಾ ಸಂಜೆ ತಾಲೀಮು ಇರುತ್ತದೆಯೆಂದೂ ಹೇಳಿದಳು. ಆ ಸಂಜೆಯ ಹೊತ್ತೇ ಸಾಹೇಬರು ಎದುರುಮನೆಯ ದಂತವೈದ್ಯರೊಡನೆ ಚದುರಂಗ ಆಡುವ ಹೊತ್ತು. ಕಚೇರಿಯಲ್ಲಿ ಅವರ ಮಾತು ಕೇಳುವವರಿಲ್ಲ, ಮನೆಯಲ್ಲಿ ಕೇಳಿಸಿಕೊಳ್ಳುವವರಿಲ್ಲ. ಆ ಕಪ್ಪು ಬಿಳಿ ಮನೆಗಳ ನಡುವೆ ಮಾತ್ರ ಅವರು ಬೆರಳೆತ್ತಿದರೆ ಒಂದು ಸೈನ್ಯ ಕದಲುತ್ತಿತ್ತು.

"ಮತ್ತೆ ಅಡುಗೆ?" ಎಂದಿದ್ದರು.

"ನೀವು ಮಾಡಿ. ಅಡುಗೆ ಏನ್ ಮಹಾ ಕೆಲಸ ಅಂತ ನೀವೇ ಹೇಳ್ತಿರ್ತೀರಲ್ಲ?"

"ಹೇಳೋದು ಬೇರೆ..."

"ಹಾಗಾದ್ರೆ ನಾಳೆ ಒಂದು ದಿನ ನೋಡೇಬಿಡೋಣ. ಮನೆಯವರೆಲ್ಲ ತಟ್ಟೆ ಖಾಲಿ ಮಾಡಿದ್ರೆ ನಾನು ನಾಟಕಕ್ಕೆ ಹೋಗ್ತೀನಿ. ಯಾರದಾದ್ರೂ ತಟ್ಟೇಲಿ ಒಂದೇ ಒಂದು ತುತ್ತು ಉಳಿದ್ರೂ ಆ ಮಾತು ಮತ್ತೆ ಎತ್ತಲ್ಲ. ಸರೀನಾ?"

"ಓವನ್ ಪಾಸ್ತಾ ಮಾಡ್ಲಿ ಅಮ್ಮ," ಎಂದಳು ಮಗಳು. "ಅದು ಅಪ್ಪಂಗೂ ಬರುತ್ತೆ."

ಹೀಗಾಗಿ ಅರ್ಧ ದಿನದ ರಜೆ ಹಾಕಿ ಬಂದ ಸಾಹೇಬರು ಏಪ್ರನ್ ಕಟ್ಟಿಕೊಂಡದ್ದು ಒಂದೇ ಸಂಕಲ್ಪದಿಂದ: ಅಡುಗೆ ಕೆಡಬೇಕು. ಬೇಕೆಂದು ಕೆಡಿಸಿದ ಹಾಗಲ್ಲ. ಪ್ರಾಮಾಣಿಕವಾಗಿ, ಮನಮುಟ್ಟುವಂತೆ ಕೆಡಬೇಕು.

ಮುಂದಿನ ಕೋಣೆಯಲ್ಲಿ ಅವರ ತಾಯಿ ನೇರಳೆ ಬಣ್ಣದ ದೊಡ್ಡ ಬಟ್ಟೆಯೊಂದಕ್ಕೆ ಜರಿಯ ಅಂಚು ಹೊಲಿಯುತ್ತ ಕುಳಿತಿದ್ದರು. ಇಷ್ಟು ಆಡಂಬರದ ಪರದೆ ಯಾವ ಕಿಟಕಿಗೆಂದು ಸಾಹೇಬರು ಕೇಳಲಿಲ್ಲ. ಕೇಳಿದರೆ ಕಿಟಕಿಯ ಅಳತೆ ತೆಗೆಯುವ ಕೆಲಸ ತಮಗೇ ಬೀಳುತ್ತದೆಂಬುದು ಅವರ ಅನುಭವ.

ಮೊದಲ ಹೆಜ್ಜೆ, ಪಾಸ್ತಾವನ್ನು ಗಂಜಿಯಾಗುವವರೆಗೆ ಕುದಿಸುವುದು. ಪಾತ್ರೆಯನ್ನು ಒಲೆಗೇರಿಸಿ ಅವರು ಪತ್ರಿಕೆಯನ್ನು ಜಾಹೀರಾತುಗಳ ಸಮೇತ ಓದತೊಡಗಿದರು. ಹರಾಜಿನ ಪ್ರಕಟಣೆಗಳಿಗೆ ಬರುವಷ್ಟರಲ್ಲಿ ದಂತವೈದ್ಯರು, ಈಚೆಗೆ ಬೆಳೆಸುತ್ತಿದ್ದ ಗಡ್ಡವನ್ನು ನೀವಿಕೊಳ್ಳುತ್ತ, ಒಳಗೆ ಬಂದರು.

"ಏನ್ರೀ ಸಾಹೇಬ್ರೇ, ಇದು ಕುದೀತಾ ಇದೆಯೋ, ನರಳ್ತಾ ಇದೆಯೋ?"

ಕೇಳಿದ್ದಷ್ಟೇ ಅಲ್ಲ, ಚಮಚದಲ್ಲಿ ಒಂದನ್ನು ಹಿಡಿದು, ದವಡೆಯ ತುದಿಗಿಟ್ಟು, ಕಣ್ಣು ಮುಚ್ಚಿ ಕಚ್ಚಿದರು. ಮರುಗಳಿಗೆ ಒಲೆ ಆರಿತ್ತು, ಪಾಸ್ತಾ ಜರಡಿಯಲ್ಲಿತ್ತು.

"ಹಲ್ಲಿಗೆ ಸ್ವಲ್ಪ ಎದುರು ಮಾತಾಡ್ಬೇಕು ನೋಡಿ. ಈಗ ಸರಿಯಾಗಿದೆ."

"ಇನ್ನೂ ಬೇಯ್ಲಿ ಡಾಕ್ಟ್ರೇ, ಪಾಪ, ಅಮ್ಮಂಗೆ ವಯಸ್ಸಾಗಿದೆ, ಅಗಿಯೋಕೆ..."

"ನಿಮ್ಮಮ್ಮಂಗೆ ಹಲ್ಲು ಕಟ್ಟಿದ್ದು ನಾನು. ಕಬ್ಬಿಣ ಕೊಡಿ, ಅಗೀತಾರೆ."

ಎರಡನೆಯದು ಟೊಮೆಟೊ ಸಾಸ್. ಅದಕ್ಕೆ ಉಪ್ಪು ಸುರಿಯಬೇಕು. ಸಾಹೇಬರು ಹಿಡಿ ತುಂಬಿಕೊಂಡರು. ಆದರೆ ಜೀವಮಾನವೆಲ್ಲ ತೂಕ ನೋಡಿದ ಕೈ. ಬೆರಳುಗಳ ನಡುವಿನಿಂದ ಬೇಕಾದಷ್ಟೇ ಉದುರಿಸಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಇನ್ನೊಮ್ಮೆ ಪ್ರಯತ್ನಿಸಿದರು, ಕೈ ಒಪ್ಪಲಿಲ್ಲ. ಕಡೆಗೆ ದಂತವೈದ್ಯರು ಕೈ ತೊಳೆಯಲು ಅತ್ತ ತಿರುಗಿದ ಸಮಯ ನೋಡಿ, ಕಣ್ಣು ಬಿಗಿಯಾಗಿ ಮುಚ್ಚಿ, ಡಬ್ಬಿಯನ್ನೇ ಬೋರಲು ಹಾಕಿದರು.

ಕಣ್ಣು ಬಿಟ್ಟಾಗ ಮುಂದೆ ಮೇಲ್ಮನೆಯ ನರ್ಸಮ್ಮ ನಿಂತಿದ್ದರು. ಆಸ್ಪತ್ರೆಯಿಂದ ನಿವೃತ್ತರಾಗಿದ್ದರೂ ರೋಗಿಗಳನ್ನು ಹುಡುಕುವುದನ್ನು ಬಿಟ್ಟವರಲ್ಲ. ಬೆರಳು ಅದ್ದಿ ನಾಲಿಗೆಗಿಟ್ಟು, "ಅಯ್ಯಯ್ಯೋ, ಸಮುದ್ರ!" ಎಂದರು. "ಸಾಹೇಬ್ರೇ, ಸ್ವಲ್ಪ ಪಕ್ಕಕ್ಕೆ ಬನ್ನಿ. ರೋಗಿ ಕಡೆಯವ್ರು ಹತ್ತಿರ ಇರಬಾರ್ದು."

ಅರ್ಧಕ್ಕೂ ಹೆಚ್ಚು ಸಾಸ್ ಬಚ್ಚಲಿಗೆ ಹೋಯಿತು. ಉಳಿದದ್ದಕ್ಕೆ ಹೊಸ ಟೊಮೆಟೊ ಬಿತ್ತು; ಹಾಲು ಹನಿಹನಿಯಾಗಿ, ರಕ್ತನಾಳಕ್ಕೆ ಇಳಿಯುವ ಔಷಧದಂತೆ ಇಳಿಯಿತು.

"ಯಾಕೆ ಇಷ್ಟು ಶ್ರಮ ನರ್ಸಮ್ಮ? ಅದರ ಹಣೆಬರಹ ಇದ್ದ ಹಾಗಾಗ್ಲಿ, ಬಿಟ್ಬಿಡಿ," ಎಂದು ಸಾಹೇಬರು ಅಂಗಲಾಚಿದರು.

"ನನ್ನ ಕೈಲಿ ಹೋದ ಕೇಸೇ ಇಲ್ಲ!"

ಹೋದವರು ಬಂದು ದೂರು ಕೊಡುವುದಿಲ್ಲವಲ್ಲ ಎಂದು ಸಾಹೇಬರಿಗೆ ಹೊಳೆಯಿತು. ನರ್ಸಮ್ಮ ಒಂದು ಚಮಚ ರುಚಿ ನೋಡಿ, "ಬದುಕ್ತು," ಎಂದು ಘೋಷಿಸಿದರು.

ಉಳಿದದ್ದು ಬೆಂಕಿ. ಪಾಸ್ತಾ, ಸಾಸ್, ತುರಿದ ಚೀಸ್ ಎಲ್ಲವನ್ನೂ ಗಾಜಿನ ಪಾತ್ರೆಗೆ ತುಂಬಿ ಓವನ್ನಿಗೆ ತಳ್ಳಿ, ಗುಂಡಿಯನ್ನು ಅದು ತಿರುಗುವಷ್ಟೂ ತಿರುಗಿಸಿ, ಸಾಹೇಬರು ನೆರೆಯವರಿಬ್ಬರನ್ನೂ ಹೊರಗೆ ಕರೆದು ಅಡುಗೆಮನೆಯ ಬಾಗಿಲೆಳೆದರು. ಬಾಗಿಲ ಮುಂದಿನ ಜಗುಲಿಯಲ್ಲಿ ಚದುರಂಗದ ಹಾಸು ಬಿಚ್ಚಿದರು. ಆ ದಿನ ಅವರ ಕುದುರೆಗಳು ಎಂದೂ ಇಲ್ಲದಷ್ಟು ಉತ್ಸಾಹದಿಂದ ನೆಗೆದವು. ಪ್ರತಿ ನಡೆಗೂ ಒಮ್ಮೆ ಮೂಗರಳಿಸಿ ಕಪ್ಪು ಹೊಗೆಗಾಗಿ ಕಾದರು.

ಹೊಗೆ ಬರಲಿಲ್ಲ. ಬಂದದ್ದು ಒಂದು ಪರಿಮಳ. ಬಹಳ ಕಾಲ ಮುನಿಸಿಕೊಂಡಿದ್ದ ಯಾರೋ ಸದ್ದಿಲ್ಲದೆ ಕ್ಷಮಿಸಿ ಬಂದು ಪಕ್ಕದಲ್ಲಿ ಕುಳಿತ ಹಾಗಿನ ಪರಿಮಳ. ಸಾಹೇಬರು ಓಡಿದರು. ಓವನ್ನಿನ ಮುಂದೆ ತಾಯಿ ನಿಂತಿದ್ದರು.

"ಅಲ್ವೋ, ಪಾಸ್ತಾ ಮಾಡ್ತಿದ್ದೀಯೋ, ಇಟ್ಟಿಗೆ ಸುಡ್ತಿದ್ದೀಯೋ? ಉರಿ ಇಳಿಸಿ ಮೇಲೆ ಮುಚ್ಚಿಟ್ಟಿದ್ದೆ. ಈಗ ಮುಚ್ಚಳ ತೆಗ್ದೆ, ಬಣ್ಣ ಬರ್ಲಿ ಅಂತ."

"ನೀನು ಹೊಲೀತಾ ಕೂತಿದ್ದೆಯಲ್ಲಮ್ಮ!"

"ಬಟ್ಟೆ ಹೊಲೀತಿದ್ದೆ ಕಣೋ. ಮೂಗನ್ನಲ್ಲ."

ಸಾಹೇಬರು ಗೋಡೆಗೊರಗಿ ನಿಂತರು. ಆಗ ಕತ್ತಲಲ್ಲಿ ಕಡ್ಡಿ ಗೀರಿದಂತೆ ಒಂದು ಯೋಚನೆ ಹೊತ್ತಿಕೊಂಡಿತು. ಮನೆಯವರೆಲ್ಲ ತಟ್ಟೆ ಖಾಲಿ ಮಾಡಬೇಕು ಎಂದಲ್ಲವೆ ಕರಾರು? ತಾನೂ ಮನೆಯವನೇ. ತನ್ನ ತಟ್ಟೆಯಲ್ಲಿ ಒಂದೇ ಒಂದು ತುತ್ತು ಉಳಿಸಿದರೆ ಸಾಕು! ಇಷ್ಟು ಸರಳ ದಾರಿ ಇರುವಾಗ ಇಡೀ ಮಧ್ಯಾಹ್ನ ಬೆವರು ಸುರಿಸಿದೆನಲ್ಲ ಎಂದು ತಮ್ಮನ್ನು ತಾವೇ ಬೈದುಕೊಂಡು, ಎಲ್ಲರನ್ನೂ ಧಾರಾಳವಾಗಿ ಊಟಕ್ಕೆ ಕೂರಿಸಿದರು. ನೆರೆಯವರು ಸಾಕ್ಷಿಗಳಾಗಿ ಕುಳಿತರು.

ಮೇಲಿನ ಹೊಂಬಣ್ಣದ ಪದರವನ್ನು ಚಮಚ ಸೀಳಿತು. ಚೀಸು ನೂಲುನೂಲಾಗಿ ಎದ್ದಿತು. ಹೆಂಡತಿ ಒಂದು ತುತ್ತು ತಿಂದು ಕಣ್ಣರಳಿಸಿ ಗಂಡನ ಮುಖ ನೋಡಿದಳು.

"ಇದು... ನೀವೇ ಮಾಡಿದ್ದಾ?"

ಸಾಹೇಬರಿಗೆ ಇಂಥ ನೋಟ ಸಿಕ್ಕಿ ಎಷ್ಟು ಕಾಲವಾಗಿತ್ತೋ.

"ಇನ್ಯಾರು?" ಎಂದರು. ದಂತವೈದ್ಯರೂ ನರ್ಸಮ್ಮನೂ ತಟ್ಟೆಯಿಂದ ತಲೆಯೆತ್ತಲಿಲ್ಲ. "ನೋಡು, ಪಾಸ್ತಾ ಅಂದ್ರೆ ಹಲ್ಲಿಗೆ ಸ್ವಲ್ಪ ಎದುರು ಮಾತಾಡ್ಬೇಕು. ಹಾಲನ್ನ ಹನಿಹನಿಯಾಗಿ ಬಿಡ್ಬೇಕು. ಬಣ್ಣ ಬರೋ ಹೊತ್ತಿಗೆ ಮುಚ್ಚಳ ತೆಗೀಬೇಕು. ಜನ ಸುಮ್ನೆ ಸುಲಭ ಅಂದ್ಕೊಳ್ತಾರೆ..."

ಉಪನ್ಯಾಸ ಸಾಗಿತ್ತು. ಬಾಯಿ ಒಂದು ಕೆಲಸದಲ್ಲಿರುವಾಗ ಕೈ ತನ್ನ ಕೆಲಸದಲ್ಲಿತ್ತು. ಕರಿದಂತೆ ಗರಿಗರಿಯಾಗಿದ್ದ ಅಂಚಿನ ಚೂರನ್ನೂ ಬಿಡದೆ ಬಳಿಯುತ್ತಿತ್ತು.

"ಅಪ್ಪ," ಎಂದಳು ಮಗಳು, "ನಿನ್ನ ತಟ್ಟೇಲಿ ಮುಖ ನೋಡ್ಕೋಬಹುದು."

ಸಾಹೇಬರು ನೋಡಿದರು. ತಟ್ಟೆಯೊಳಗಿಂದ ಏಪ್ರನ್ ಕಟ್ಟಿಕೊಂಡ ಒಬ್ಬ ಮನುಷ್ಯ ಬಾಯಿ ತೆರೆದು ಇವರನ್ನೇ ನೋಡುತ್ತಿದ್ದ.

"ಸರಿ, ನಾನು ಹೊರಟೆ," ಎಂದು ಹೆಂಡತಿ ಎದ್ದಳು. "ಇವತ್ತೊಂದು ದಿನ ನಿಮ್ಮ ಊಟಕ್ಕೋಸ್ಕರ ತಾಲೀಮು ತಡವಾಗಿ ಇಟ್ಟಿದ್ದೀವಿ."

ಸಾಹೇಬರು ಬೇಗನೆ ಸಾವರಿಸಿಕೊಂಡರು. ನಾಳೆಯಿಂದ ಪಾಸ್ತಾ ಓವನ್ನಿನಲ್ಲಿರುವಾಗ ಆಡಿದರಾಯಿತು; ಚದುರಂಗಕ್ಕೇನು ಬೆಂಕಿ ಬೀಳುವುದಿಲ್ಲ. "ಹೋಗ್ಬಾ," ಎಂದರು ಉದಾರವಾಗಿ. "ಬನ್ನಿ ಡಾಕ್ಟ್ರೇ, ಅರ್ಧಕ್ಕೇ ಬಿಟ್ಟಿದ್ದೀವಿ."

ದಂತವೈದ್ಯರು ಎದ್ದರು, ಆದರೆ ಹಾಸಿನ ಕಡೆಗಲ್ಲ. ಸಾಹೇಬರ ತಾಯಿ ಆ ನೇರಳೆ ಬಟ್ಟೆಯನ್ನು ಕೊಡವಿ ಅವರ ಹೆಗಲಿಗೆ ಹೊದಿಸಿದರು. ಜರಿಯ ಅಂಚು ನೆಲ ಮುಟ್ಟಿತು. ಗಡ್ಡ ಏಕಾಏಕಿ ಗಂಭೀರವಾಯಿತು.

"ಹೆಗಲ ಹತ್ರ ಸರಿಯಾಯ್ತಾ ಮಹಾರಾಜ್ರೇ?"

"ಸೊಗಸಾಗಿದೆಯಮ್ಮ."

"ರಾಣಿ ಪಾತ್ರಕ್ಕೆ ನಿಮ್ಮನೆಯವ್ರು ಸಿಗ್ದಿದ್ರೆ ನಾಟಕಾನೇ ನಿಂತ್ಹೋಗ್ತಿತ್ತು ಸಾಹೇಬ್ರೇ," ಎಂದು ನರ್ಸಮ್ಮ ಚೀಲದಿಂದ ರಾಜವೈದ್ಯೆಯ ಮಾತುಗಳ ಹಾಳೆ ತೆಗೆದರು. ಪರದೆ ಎಳೆಯುವವಳು ತಾನೆಂದು ಮಗಳು ಚಪ್ಪಲಿ ಮೆಟ್ಟಿದಳು. ಗುಂಡುಸೂಜಿಗಳ ಡಬ್ಬಿ ಹಿಡಿದು ತಾಯಿಯೂ ಹೊರಟರು.

ಮೆಟ್ಟಿಲುಗಳ ಮೇಲೆ ನಗು ಇಳಿದುಹೋಯಿತು. ಸಾಹೇಬರು, ತಳಕ್ಕೆ ಚೀಸ್ ಅಂಟಿದ ಗಾಜಿನ ಪಾತ್ರೆ, ‘ಸುಲಭ’ ಎಂಬ ಖಾಲಿ ಪೊಟ್ಟಣ, ಇಷ್ಟೇ ಉಳಿದವು.

ಬಾಗಿಲು ಮತ್ತೆ ತೆರೆಯಿತು. ಮಹಾರಾಜರು ಕನ್ನಡಕ ಮರೆತಿದ್ದರು. ಅದನ್ನೆತ್ತಿಕೊಂಡು ಹೊರಟವರು ಹೊಸ್ತಿಲಲ್ಲಿ ನಿಂತು ತಿರುಗಿದರು.

"ಅಂದ ಹಾಗೆ, ನಾಳೇನೂ ಇದನ್ನೇ ಮಾಡಿ ಸಾಹೇಬ್ರೇ, ಚೆನ್ನಾಗಿತ್ತು. ಉಪ್ಪು ಮಾತ್ರ ಕಣ್ಣು ಬಿಟ್ಕೊಂಡು ಹಾಕಿ."

ಹೀಗೆಂದು ಅವರು ಜರಿಯ ಅಂಚು ಸಿಕ್ಕಿಕೊಳ್ಳದಂತೆ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಬಾಗಿಲೆಳೆದುಕೊಂಡರು.