ಕಾಕಾ ತರಿಸಿದ ದೀಪಕ್ಕೆ ತೆರಿಗೆ ಉಂಟೋ ಇಲ್ಲವೋ?

ನಮ್ಮ ಕಾಕಾನಿಗೆ ಜಗಳವಾಡಲು ಬರುವುದೇ ಇಲ್ಲ. ನಂಬಿ! ಅವರು ಆಡುವುದೆಲ್ಲ ಬರೀ 'ಚರ್ಚೆ'. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಪಕ್ಕದಲ್ಲಿ ಅವರ ರೇಡಿಯೊ ರಿಪೇರಿ ಅಂಗಡಿ. ರೇಡಿಯೊ ಒಯ್ದವರು ಒಂದಿಷ್ಟು ಸಂವಿಧಾನವನ್ನೂ ಕೇಳಿಸಿಕೊಂಡೇ ಬರಬೇಕು. ಮೆಣಸಿನ ಘಾಟಿಗೆ ಗಿರಾಕಿ ಸೀನಿದರೆ, "ನೋಡು, ಇಂವಾ ಒಪ್ಪಿದ!" ಎನ್ನುವ ಮನುಷ್ಯ.

ಅವರ ಹೆಂಡತಿ, ನಮ್ಮ ಕಾಕು, ಕಸೂತಿಯಲ್ಲಿ ಊರಿಗೇ ಹೆಸರಾದವಳು. ಕಣ್ಣು ಮಂಜಾಗಿ ಸೂಜಿ ಕೆಳಗಿಟ್ಟಳು. ಕಾಕಾ ಸುಮ್ಮನಿರುತ್ತಾರೆಯೇ? ನನ್ನನ್ನು ನೆಟ್ ಸೆಂಟರಿಗೆ ಎಳೆದೊಯ್ದು, ದಿಲ್ಲಿಯ ಅಂಗಡಿಯಿಂದ ಭೂತಗನ್ನಡಿಯ ದೀಪವೊಂದನ್ನು ತರಿಸಿದರು. ದೀಪ ಹಾವೇರಿಯವರೆಗೆ ಬಂತು, ಅಲ್ಲೇ ನಿಂತಿತು! ಜಿಎಸ್‌ಟಿ ಇನ್ನೂ ಬಂದಿರದ ಕಾಲ. ಹೊರರಾಜ್ಯದ ಮಾಲು, ತೆರಿಗೆ ಕಚೇರಿಯ ಚೀಟಿ ತನ್ನಿ ಎಂದ ಪಾರ್ಸೆಲ್ ಗುಮಾಸ್ತ.

ತಮ್ಮ ಮದುವೆಗೆ ಹೊಲಿಸಿದ ಕೋಟು ತೊಟ್ಟು ಕಾಕಾ ತೆರಿಗೆ ಅಧಿಕಾರಿಯ ಮುಂದೆ ಕುಳಿತರು. ಪಕ್ಕದಲ್ಲಿ ನಾನು.

"ಸಾಹೇಬ್ರ, ಗುಂಡಿ ಒತ್ತಿದ್ದು ಬ್ಯಾಡಗ್ಯಾಗ, ಮಾಲು ಕಟ್ಟಿದ್ದು ದಿಲ್ಲ್ಯಾಗ. ಮಾರಾಟದ ತೆರಿಗಿ ಅಲ್ಲೇ ಕಟ್ಟ್ಯಾರ. ಮತ್ತ ನಮ್ಮ ರಾಜ್ಯಕ್ಕ ಹಕ್ಕು ಐತೇನು?"

"ಊರೊಳಗ ಬರೋ ಮಾಲಿಗೆ ಪ್ರವೇಶ ತೆರಿಗಿ ಅಂತ ಇರತೈತ್ರಿ, ಯಜಮಾನ್ರ."

"ಇರಲಿ! ಬರೂದಿದ್ರ ಈಗ ಕಟ್ಟತೇನಿ. ಈ ದೀಪಕ್ಕ ಅದು ಬರತೈತೋ ಇಲ್ಲೋ?"

ಅಧಿಕಾರಿ ತಲೆ ಕೆರೆದುಕೊಂಡರು. "ಹೋಗ್ಲಿ ಬಿಡ್ರಿ, ಒಂದ ದೀಪ. ಸುಮ್ನ ಒಯ್ರಿ."

ನಾನು ಕೈಮುಗಿಯಲು ಹೊರಟೆ. ಕಾಕಾ ನನ್ನ ಕೈಯನ್ನು ಕೆಳಗಿಳಿಸಿದರು. "ದಯಾ ಬ್ಯಾಡ್ರಿ, ಕಾಯ್ದೆ ಹೇಳ್ರಿ. ನಾಳೆ ಇನ್ನೊಬ್ಬಾಂವ ಬಂದ್ರ ಅವಂಗೂ ಇದ ಉತ್ತರ ಸಿಗಬೇಕಲ್ಲ?"

ಅಧಿಕಾರಿ ದಪ್ಪ ಪುಸ್ತಕ ತೆರೆದರು, ಮೇಲಿನವರಿಗೆ ಫೋನ್ ಹಚ್ಚಿದರು. ಅಷ್ಟರಲ್ಲಿ ಕಾಕಾ ಕಪಾಟಿನ ಮೇಲಿದ್ದ ಮೂಕ ರೇಡಿಯೊ ಬಿಚ್ಚಿ ಹಾಡಿಸಿಯೂ ಬಿಟ್ಟರು. "ಇದು ಲಂಚ ಅಲ್ರಿ ಮತ್ತ! ನಂಗ ಖಾಲಿ ಕುಂದ್ರಾಕ ಬರಂಗಿಲ್ಲ."

ಕೊನೆಗೆ, ಸ್ವಂತ ಬಳಕೆಯ ಈ ದೀಪಕ್ಕೆ ಇಲ್ಲಿ ತೆರಿಗೆಯಿಲ್ಲವೆಂದು ಚೀಟಿ ಬರೆದು, ಮೊಹರು ಒತ್ತಿ, ಅಧಿಕಾರಿ ಎದ್ದು ನಿಂತು ಕೊಟ್ಟರು. ಎದ್ದು ನಿಂತು! ದೀಪ ಬಿಡಿಸಿಕೊಂಡು ಬರುವಾಗ ಬಸ್ಸಿನಲ್ಲಿ ಕೇಳದವರಿಗೂ ಹೇಳಿದೆ: "ಇವರು ನಮ್ಮ ಕಾಕಾರಿ."

ಸಂಜೆ ದೀಪ ಹೊತ್ತಿತು. ಕಾಕು ಕಸೂತಿಯ ಬಟ್ಟೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಕಾಕಾನ ಕೈಯನ್ನು ಗಾಜಿನ ಕೆಳಗೆ ಎಳೆದುಕೊಂಡಳು. ಬೆರಳ ತುಂಬ ಬೆಸುಗೆ ಹಾಕುವಾಗ ಸುಟ್ಟ ಕಲೆಗಳು.

"ಇಷ್ಟು ಸುಟ್ಟಾವು! ಒಂದ ದಿನಾನೂ ಹೇಳಲಿಲ್ಲಲ್ರಿ?"

ಕಾಕಾ ಇನ್ನೊಂದು ಕೈಯಿಂದ ದೀಪವನ್ನು ಅವಳತ್ತ ಬಾಗಿಸಿದರು. ಅವಳು ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.