ದರ್ಜೆ ಹುಡುಕಿ ಹೊರಟಾಗ

“ಅಕ್ಕಾ, ಹಳದೀಪುರಕ್ಕೆ ದಾರಿ ಯಾವುದು?”

“ನೀವು ನಿಂತದ್ದೇ ಹಳದೀಪುರ. ಆದ್ರೆ ಇದು ದಾರಿ ಅಲ್ಲ, ಗದ್ದೆ!”

ದೇಶವೆಲ್ಲ ಸುತ್ತಿದವಳು ನಾನು. ದಾರಿ ತಪ್ಪಿದಲ್ಲೆಲ್ಲ ಇಂಥದ್ದೊಂದು ಆಗಿಯೇ ತೀರುತ್ತದೆ.

ಗದ್ದೆಯಲ್ಲಿ

ಕುಮಟೆಯ ಮಹಿಳಾ ಮಂಡಳಿಯವರು ‘ಸಮಾಜದ ಶ್ರೇಣಿಗಳು’ ಕುರಿತು ಭಾಷಣ ಮಾಡಲು ನನ್ನನ್ನು ಕೇಳಿದ್ದರು. ಶ್ರೇಣಿ ಎಂದರೆ ಸಾಲು, ಸ್ತರ ಎಂದರೆ ಪದರ ಎಂದಿತು ನಿಘಂಟು. ಜನ ಏನನ್ನುತ್ತಾರೋ ಕೇಳೋಣವೆಂದು ಹೊರಟವಳು ಕೆಸರಲ್ಲಿ ಹೂತುಹೋಗಿದ್ದೆ. ನಾಟಿ ಮಾಡುತ್ತಾ ನನಗೆ ಉತ್ತರ ಕೊಟ್ಟಾಕೆಯೇ ಎಳೆದು ತೆಗೆದು, ಮನೆಗೆ ಕರೆದೊಯ್ದು, ಗಂಜಿ, ಸುಟ್ಟ ಒಣಮೀನು ಕೊಟ್ಟಳು.

“ಭಾನುವಾರ ಕುಮಟೆಗೆ, ನಾನು ಇಳಿದುಕೊಂಡ ಮನೆಗೆ ಊಟಕ್ಕೆ ಬಾ. ಈ ಋಣ ಇಟ್ಟುಕೊಂಡು ನಾನು ಊರು ಬಿಡುವವಳಲ್ಲ” ಎಂದೆ.

“ಬಂದ್ರೆ ನಾ ಎಲ್ಲಿ ಕೂರೂದು ಅಕ್ಕೋರೇ?”

ನಾನು ಮಾತು ತಿರುಗಿಸಿದೆ: “ಮೇಲು ಕೀಳು ಅನ್ನುವುದಕ್ಕೆ ನಿಮ್ಮಲ್ಲಿ ಎಂತ ಹೇಳ್ತೀರಿ?”

“ನಾವು ಎಂತದೂ ಹೇಳೂದಿಲ್ಲ. ಹೇಳೂಕೆ ಮೇಲಿನೋರು ಇದ್ರಲ್ಲ!”

ಅಂಗಡಿಯಲ್ಲಿ

ಹೊನ್ನಾವರದ ಹೊಳೆಗೆ ಆಗ ಸೇತುವೆ ಇರಲಿಲ್ಲ. ದೋಣಿ ದಾಟಿ, ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆ. ಅದೇ ಪ್ರಶ್ನೆಗೆ ಜವಳಿ ಅಂಗಡಿಯ ಸಾಹೇಬರು ಚಾ ತರಿಸಿ, “‘ದರ್ಜೆ’ ನಮ್ಮ ಕಡೆಯ ಶಬ್ದ, ಬಾಯಿಯವರೇ. ಅರಬ್ಬಿಯಲ್ಲಿ ಮೆಟ್ಟಿಲು ಅಂತ” ಎಂದರು. “ನೋಡಿ, ಕೆಲವರು ಹೊರಗೇ ನಿಂತು ಬಟ್ಟೆ ಕೇಳ್ತಾರೆ. ದೊಡ್ಡ ಮನೆಯವರು ಒಳಗೆ ಗಾದಿ ಮೇಲೆ ಕೂತು ಚಾ ಕುಡೀತಾರೆ.”

“ಹೆಚ್ಚು ಕೊಳ್ಳುವವರು ಯಾರು?”

“ನಿಂತವರೇ. ಚಾ ಕುಡಿದವರು ‘ನಾಳೆ ಬರ್ತೇವೆ’ ಅಂತಾರೆ.”

ನಾನಾಗ ಎರಡನೆಯ ಕಪ್ಪು ಚಾ ಕುಡಿಯುತ್ತಿದ್ದೆ.

ಅಂಗಳದಲ್ಲಿ

ಭಾನುವಾರ ಗದ್ದೆಯಾಕೆ ಕುಮಟೆಗೆ ಬಂದಳು. ಮೇಜು, ಕುರ್ಚಿ, ಬಾಳೆಲೆ ಎಲ್ಲ ಸಿದ್ಧ. ಆಕೆ ಹೊಸ್ತಿಲಾಚೆ ಜಗಲಿಯಲ್ಲಿ ಕೂತು, “ಇಲ್ಲೇ ಆತು” ಎಂದಳು. ನಾನೂ ಎಲೆ ಹಿಡಿದು ಪಕ್ಕದಲ್ಲಿ ಕೂತೆ. ಆಕೆ ಗಾಬರಿಯಾಗಿ ಒಂದು ಮೆಟ್ಟಿಲು ಕೆಳಗಿಳಿದಳು. ನಾನೂ ಇಳಿದೆ. ಆಕೆ ಅಂಗಳಕ್ಕೆ, ನಾನೂ ಅಂಗಳಕ್ಕೆ. ಆಕೆ ತೆಂಗಿನ ಬುಡಕ್ಕೆ, ನಾನೂ ಅಲ್ಲಿಗೆ. ಮನೆಯೊಡತಿ ಕಿಟಕಿಯಿಂದ ಕತ್ತು ಚಾಚಿ ನೋಡುತ್ತಿದ್ದರು.

“ಅಕ್ಕಾ, ಇನ್ನು ಕೆಳಗೆ ಹೋದರೆ ಬಾವಿಯೇ” ಎಂದೆ.

ಆಕೆ ಬಾವಿ ನೋಡಿದಳು, ನನ್ನನ್ನು ನೋಡಿದಳು. “ಅಲ್ಲಿಗೂ ಹಿಂದೇ ಬತ್ರಿ ನೀವು! ಬಡಿಸಿ, ಹಸಿವಾತು.”

ಇಬ್ಬರೂ ಅಲ್ಲೇ ಉಂಡೆವು. ನಾಲ್ಕು ತುತ್ತಾಗುತ್ತಲೇ ಆಕೆ ಮುಖ ಹಿಂಡಿದಳು:

“ಇದೆಂತ ಸಾರು ಮಾರಾಯ್ತಿ, ಉಪ್ಪೇ ಇಲ್ಲ!”

ಅಕ್ಕೋರು ಹೋಗಿ ಮಾರಾಯ್ತಿಯಾದೆನಲ್ಲ, ಋಣ ತೀರಿತೆಂದು ಆಗ ಖಾತ್ರಿಯಾಗಿ, ಉಪ್ಪು ತರಲು ಎದ್ದೆ.